ನೋಡದ ಕೆಲಸಕ್ಕೆ ಹಾಕುವ ಸಹಿ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್, ವೃತ್ತಿಗೆ ಬಂದು 4 ವರ್ಷವಾಯಿತು. ಈಗ 11 ಅಂತಸ್ತಿನ ವಸತಿ ಕಟ್ಟಡವೊಂದನ್ನು ಕಟ್ಟುತ್ತಿರುವ ಗುತ್ತಿಗೆ ಕಂಪನಿಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ನೆಲಮಾಳಿಗೆಯ ಪಾರ್ಕಿಂಗಿನ ಮೇಲಿರುವುದು ಬೀಮ್‌ಗಳಿಲ್ಲದೆ ನೇರವಾಗಿ ಕಾಲಂಗಳ ಮೇಲೆ ಕೂರುವ ಫ್ಲ್ಯಾಟ್ ಸ್ಲ್ಯಾಬ್. ಅದರ ಒಂದು ಭಾಗಕ್ಕೆ ನಾನಿಲ್ಲದ ರಾತ್ರಿ ಕಾಂಕ್ರೀಟ್ ಹಾಕಿದರು. ಮರುದಿನ ಕಂಬಿ ತಪಾಸಣೆಯ ಹಾಳೆಗೂ ಅಳತೆ ಪುಸ್ತಕಕ್ಕೂ ಹಿಂದಿನ ದಿನಾಂಕ ಹಾಕಿ ಸಹಿ ಮಾಡಲು ಹೇಳಿದರು. ಕಂಬಿ ಕಟ್ಟುವವರೊಬ್ಬರು ತೋರಿಸಿದ ಮೊಬೈಲ್ ಚಿತ್ರದಲ್ಲಿ ಎರಡು ಕಾಲಂಗಳ ತಲೆಯ ಬಳಿ ನಕ್ಷೆಯಲ್ಲಿರುವ ಕಂಬಿಯ ರಿಂಗ್‌ಗಳೇ ಇಲ್ಲ. ಇದಲ್ಲದೆ 30ರ ದರ್ಜೆಯ ಕಾಂಕ್ರೀಟಿನ ಬಲ ಅಳೆಯಲು ಒಡೆದು ನೋಡುವ ಕ್ಯೂಬ್‌ಗಳ ಕಳೆದ 19 ಫಲಿತಾಂಶಗಳೆಲ್ಲ ಪ್ರತಿ ಚದರ ಮಿಲಿಮೀಟರಿಗೆ 36.1ರಿಂದ 36.8 ನ್ಯೂಟನ್ ಒಳಗೇ ಇವೆ. ಹಿರಿಯರನ್ನು ಕೇಳಿದರೆ, "ಸುರಕ್ಷತಾ ಗುಣಕ ಇರುವುದು ಇದಕ್ಕೇ, ಪ್ರಯೋಗಾಲಯದ ವರದಿಯೂ ಇದೆ, ಎಲ್ಲ ಕಡೆ ನಡೆಯುವುದೇ ಹೀಗೆ" ಎನ್ನುತ್ತಾರೆ. ಕಟ್ಟಡ ನಿಜಕ್ಕೂ ಅಪಾಯದಲ್ಲಿದೆಯೇ? ಸಹಿ ಮಾಡದಿದ್ದರೆ ಕೆಲಸ ಹೋಗಬಹುದು. ಮನೆ ನಡೆಯುವುದು ನನ್ನ ಸಂಬಳದಿಂದ. ಹಿಂದೆ ಎರಡು ಸಲ ಹೀಗೆಯೇ ನೋಡದೆ ಸಹಿ ಹಾಕಿದ್ದೇನೆ ಎಂಬುದನ್ನೂ ಹೇಳಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ. ಕಟ್ಟಡದ ಗತಿ ಏನು, ನಿಮ್ಮ ಗತಿ ಏನು, ಈಗಾಗಲೇ ಹಾಕಿದ ಎರಡು ಸಹಿಗಳ ಗತಿ ಏನು. ನೀವು ಕಟ್ಟಡವನ್ನು ಮೊದಲು ಕೇಳಿದ್ದೀರಿ. ನಾನೂ ಅಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಒಂದು ಅಂಶ ಈ ವಾರವೇ ಗಮನಿಸಬೇಕಾದದ್ದು.

ಮೊದಲು ಸುರಕ್ಷತಾ ಗುಣಕದ ಮಾತು. ಜಗತ್ತಿನ ಹಲವು ವಿನ್ಯಾಸ ಸಂಹಿತೆಗಳಲ್ಲಿ ಕಾಂಕ್ರೀಟಿನ ಬಲವನ್ನು 1.5ರಿಂದಲೂ ಕಂಬಿಯ ಬಲವನ್ನು 1.15ರಿಂದಲೂ ಭಾಗಿಸಿ ಲೆಕ್ಕ ಮಾಡುತ್ತಾರೆ, ಭಾರವನ್ನು ಇನ್ನೊಂದು ಗುಣಕದಿಂದ ಹೆಚ್ಚಿಸುತ್ತಾರೆ. ಈ ಅಂಕಿಗಳು ಪ್ರಾಮಾಣಿಕವಾಗಿ ಕೆಲಸ ಮಾಡಿದಾಗಲೂ ತಪ್ಪದ ಏರುಪೇರಿಗೆ ಇಟ್ಟ ಅಂತರ. ಒಂದು ಲಾರಿಯ ಕಾಂಕ್ರೀಟಿಗಿಂತ ಇನ್ನೊಂದರದ್ದು ತುಸು ದುರ್ಬಲವಾಗಿರುತ್ತದೆ, ಕಂಬಿ ಕೆಲವು ಮಿಲಿಮೀಟರ್ ಅತ್ತಿತ್ತ ಸರಿದಿರುತ್ತದೆ, ಮುಂದೆ ಮನೆಯವರು ನಿರೀಕ್ಷೆಗಿಂತ ಹೆಚ್ಚು ಸಾಮಾನು ತುಂಬುತ್ತಾರೆ. ಈ ಎಲ್ಲವೂ ಆ ಅಂತರವನ್ನು ತಿನ್ನುತ್ತಲೇ ಇರುತ್ತವೆ. ಉದ್ದೇಶಪೂರ್ವಕವಾಗಿ ಬಿಟ್ಟ ಕಂಬಿಗೆಂದು ಅದರಲ್ಲಿ ಯಾರೂ ಪಾಲು ಇಟ್ಟಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇರುವ ಕಂಬಿಯ ಬಲವನ್ನು ಗುಣಕ ಕಾಯಬಹುದೇ ಹೊರತು ಇಲ್ಲದ ಕಂಬಿಯನ್ನು ಅದು ಸೃಷ್ಟಿಸಲಾರದು.

ಕಂಬಿ ಎಲ್ಲಿ ಇಲ್ಲ ಎಂಬುದರ ಮೇಲೆ ಅಪಾಯದ ಸ್ವರೂಪವೇ ಬದಲಾಗುತ್ತದೆ. ಸ್ಲ್ಯಾಬಿನ ಮಧ್ಯದಲ್ಲಿ ಕೆಳಗಿನ ಕಂಬಿ ಸ್ವಲ್ಪ ಕಡಿಮೆಯಾದರೆ ಸ್ಲ್ಯಾಬ್ ಜೋತುಬೀಳುತ್ತದೆ, ಬಿರುಕು ತೋರಿಸುತ್ತದೆ, ನೋಡುವವರಿಗೆ ಸಮಯ ಕೊಡುತ್ತದೆ. ಫ್ಲ್ಯಾಟ್ ಸ್ಲ್ಯಾಬಿನಲ್ಲಿ ಕಾಲಂ ತಲೆಯ ಸುತ್ತಲಿನ ಭಾಗ ಹಾಗಲ್ಲ. ಅಲ್ಲಿ ಇಡೀ ಅಂಕಣದ, ಅಂದರೆ ಕಾಲಂಗಳ ನಡುವಿನ ಸ್ಲ್ಯಾಬ್ ಭಾಗದ, ಭಾರ ಕಾಲಂನ ಸುತ್ತಳತೆಯಷ್ಟೇ ಜಾಗದ ಮೂಲಕ ಇಳಿಯುವುದರಿಂದ ಕಾಲಂ ಸ್ಲ್ಯಾಬನ್ನು ತೂತು ಮಾಡಿಕೊಂಡು ಮೇಲೇಳುವ ರೀತಿಯ ಒಡೆತ, ಅಂದರೆ ಪಂಚಿಂಗ್ ಶಿಯರ್, ಸಂಭವಿಸಬಹುದು. ಅದನ್ನು ತಡೆಯಲೆಂದೇ ನಕ್ಷೆಯಲ್ಲಿ ಆ ರಿಂಗ್‌ಗಳನ್ನು ತೋರಿಸಿರುತ್ತಾರೆ. ಈ ಒಡೆತ ಹೆಚ್ಚು ಬಾಗದೆ, ಸಾಕಷ್ಟು ಮುನ್ಸೂಚನೆ ಕೊಡದೆ ಬರುತ್ತದೆ. ಒಂದು ಕಾಲಂ ಹೀಗೆ ಸ್ಲ್ಯಾಬನ್ನು ಬಿಟ್ಟುಕೊಟ್ಟರೆ ಅದರ ಭಾರ ಅಕ್ಕಪಕ್ಕದ ಕಾಲಂಗಳಿಗೆ ವರ್ಗವಾಗಿ ಅವೂ ಸರದಿಯಲ್ಲಿ ಒಡೆಯಬಹುದು.

2023ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ನಿರ್ಮಾಣ ಹಂತದಲ್ಲಿದ್ದ ವಸತಿ ಸಮುಚ್ಚಯದ ನೆಲಮಾಳಿಗೆಯ ಪಾರ್ಕಿಂಗ್ ರಾತ್ರಿಯ ಹೊತ್ತು ಕುಸಿಯಿತು. ಕೆಳಗೆ ಯಾರೂ ಇರದಿದ್ದುದರಿಂದ ಜೀವಹಾನಿ ಆಗಲಿಲ್ಲ. ತನಿಖೆ ನಡೆಸಿದಾಗ ಕಾಲಂ ತಲೆಗಳಲ್ಲಿ ಬೇಕಿದ್ದ ಇದೇ ಬಗೆಯ ಕಂಬಿ ಹಲವು ಕಡೆ ವಿನ್ಯಾಸದಲ್ಲೇ ಬಿಟ್ಟುಹೋಗಿತ್ತು, ವಿನ್ಯಾಸದಲ್ಲಿದ್ದ ಕೆಲವು ಕಡೆ ಕಟ್ಟುವಾಗ ಬಿಟ್ಟುಹೋಗಿತ್ತು. ಬಳಿಕ ಅಲ್ಲಿನ ಸರ್ಕಾರಿ ವಸತಿ ಸಂಸ್ಥೆ ಇದೇ ಮಾದರಿಯ ಪಾರ್ಕಿಂಗ್ ಇರುವ 91 ಸಮುಚ್ಚಯಗಳನ್ನು ಪರಿಶೀಲಿಸಿ, 15ರಲ್ಲಿ ಕಂಬಿ ಬಿಟ್ಟುಹೋಗಿದೆ ಎಂದು ಪ್ರಕಟಿಸಿತು. ಅದೇ ದೇಶದ ರಾಜಧಾನಿ ಸೋಲ್‌ನಲ್ಲಿ 1995ರ ಜೂನ್ 29ರಂದು ಕುಸಿದು 502 ಜನರನ್ನು ಬಲಿ ತೆಗೆದುಕೊಂಡ ಸ್ಯಾಂಪೂಂಗ್ ಮಳಿಗೆಯೂ ಫ್ಲ್ಯಾಟ್ ಸ್ಲ್ಯಾಬಿನ ಕಟ್ಟಡವೇ. ಅಲ್ಲಿ ಕಾಲಂಗಳನ್ನು ತೆಳುವಾಗಿಸಿದ್ದರು, ಮೂಲ ಯೋಜನೆಯಲ್ಲಿಲ್ಲದ ಐದನೆಯ ಅಂತಸ್ತು ಸೇರಿಸಿದ್ದರು, ಬದಲಾವಣೆಗಳಿಗೆ ಒಪ್ಪಿಗೆ ಕೊಡಲು ಅಧಿಕಾರಿಗಳು ಲಂಚ ಪಡೆದಿದ್ದರು. ಅಂದು ಬೆಳಿಗ್ಗೆಯೇ ಬಿರುಕುಗಳು ಕಾಣಿಸಿದ್ದರೂ ಮಳಿಗೆ ತೆರೆದೇ ಇತ್ತು.

ಆದ್ದರಿಂದ ಸಹಿಯ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ನೀವು ಮಾಡಬೇಕಾದ ಕೆಲಸವಿದೆ. ಆ ಎರಡು ಕಾಲಂಗಳ ಸುತ್ತಲಿನ ಅಂಕಣಗಳಲ್ಲಿ ಸ್ಲ್ಯಾಬಿಗೆ ಕೆಳಗಿನಿಂದ ಆಸರೆ ಕೊಟ್ಟಿರುವ ಪ್ರಾಪ್‌ಗಳನ್ನು ತೆಗೆಯಬಾರದು, ಮೇಲೆ ಇಟ್ಟಿಗೆ, ಮರಳು, ಮಣ್ಣು ಪೇರಿಸಬಾರದು ಎಂದು ಇಂದೇ ಲಿಖಿತವಾಗಿ ತಿಳಿಸಿ. ಪ್ರಾಪ್ ಈಗಾಗಲೇ ತೆಗೆದಿದ್ದರೆ ಕಾಲಂ ಸುತ್ತ ಸ್ಲ್ಯಾಬಿನ ಮೇಲ್ಮೈಯಲ್ಲಿ ಬಿರುಕುಗಳಿವೆಯೇ ನೋಡಿ. ಇದ್ದರೆ ಕೆಳಗೆ ಜನ ಓಡಾಡುವುದನ್ನು ನಿಲ್ಲಿಸಿ, ವಿನ್ಯಾಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕೂಡಲೇ ಫೋನ್ ಮಾಡಿ. ಎರಡು ರಿಂಗ್ ಕಟ್ಟು ಬಿಟ್ಟುಹೋದ ಮಾತ್ರಕ್ಕೆ ಕಟ್ಟಡ ಬಿದ್ದೇ ಬೀಳುತ್ತದೆ ಎಂದು ನಾನು ಹೇಳುತ್ತಿಲ್ಲ. ಸ್ಲ್ಯಾಬಿನ ದಪ್ಪ, ಮೇಲಿನ ಕಂಬಿ, ಭಾರ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಆ ಲೆಕ್ಕ ಮಾಡಬೇಕಾದವರು ವಿನ್ಯಾಸಕಾರರು, ಮತ್ತು ಅವರಿಗೆ ವಿಷಯವೇ ಗೊತ್ತಿಲ್ಲ.

ಇನ್ನು ಕ್ಯೂಬ್‌ಗಳು. ನಿಮ್ಮ ಅನುಮಾನ ಸರಿಯಾಗಿದೆ. ಒಳ್ಳೆಯ ಹತೋಟಿ ಇರುವ ಸೈಟಿನಲ್ಲೂ 28 ದಿನದ ಬಲದ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಆಗುವ ಏರುಪೇರಿನ ಅಳತೆ, ಸಾಮಾನ್ಯವಾಗಿ ಪ್ರತಿ ಚದರ ಮಿಲಿಮೀಟರಿಗೆ 3ರಿಂದ 5 ನ್ಯೂಟನ್ ಇರುತ್ತದೆ. ಅಂಥ ಕಡೆ 19 ಫಲಿತಾಂಶ ತೆಗೆದರೆ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ 10 ಅಥವಾ ಅದಕ್ಕೂ ಹೆಚ್ಚಿನ ಅಂತರ ಸಹಜ. ಒಂದೇ ಲಾರಿಯಿಂದ ಒಂದೇ ಹೊತ್ತಿಗೆ ತುಂಬಿದ ಮೂರು ಕ್ಯೂಬ್‌ಗಳೇ ಪರಸ್ಪರ ಹೊಂದುವುದಿಲ್ಲ. 19 ಸಲವೂ 0.7ರ ಒಳಗೆ ಬರುವುದು ಕಾಂಕ್ರೀಟಿನ ಗುಣವಲ್ಲ. ಬರೆಯುವವರ ಕೈಯ ಗುಣ. ಒಂದೋ ಯಂತ್ರಕ್ಕೆ ಹಾಕದೆಯೇ ಅಂಕಿ ಬರೆದಿದ್ದಾರೆ, ಇಲ್ಲವೇ ಕ್ಯೂಬ್‌ಗೆಂದೇ ಬೇರೆ ಮಿಶ್ರಣ ಮಾಡಿ, ಬಂದ ಫಲಿತಾಂಶವನ್ನೂ ತಿದ್ದಿದ್ದಾರೆ. ಹಾಗೆಂದು ಕಟ್ಟಡದಲ್ಲಿರುವ ಕಾಂಕ್ರೀಟ್ ಕೆಟ್ಟದ್ದೇ ಎಂದು ತೀರ್ಮಾನಿಸಬೇಡಿ. ಚೆನ್ನಾಗಿರುವ ಕಾಂಕ್ರೀಟಿಗೂ ಸುಳ್ಳು ವರದಿ ಬರೆದದ್ದನ್ನು ನಾನು ನೋಡಿದ್ದೇನೆ, ಕೇವಲ ಕ್ಯೂಬ್ ತುಂಬುವ ಶ್ರಮ ಬೇಡವೆಂದು. ಸದ್ಯಕ್ಕೆ ಖಚಿತವಾಗಿರುವುದು ಇಷ್ಟೇ: ಆ ಕಾಂಕ್ರೀಟಿನ ಬಲ ಎಷ್ಟೆಂದು ಯಾರಿಗೂ ಗೊತ್ತಿಲ್ಲ.

ವರದಿ ಇದೆಯಲ್ಲ ಎಂಬ ಸಮಾಧಾನ ಎಷ್ಟು ದುಬಾರಿಯಾದೀತು ಎಂಬುದಕ್ಕೆ ಲಂಡನ್ನಿನ ಗ್ರೆನ್‌ಫೆಲ್ ಟವರ್ ಸಾಕ್ಷಿ. 2017ರ ಬೆಂಕಿಯಲ್ಲಿ ಅಲ್ಲಿ 72 ಜನ ಸತ್ತರು. ಹೊರಗೋಡೆಯ ಹೊದಿಕೆ ಮತ್ತು ಶಾಖ ನಿರೋಧಕಗಳನ್ನು ತಯಾರಿಸಿ ಮಾರಿದವರು ವ್ಯವಸ್ಥಿತವಾಗಿ ಅಪ್ರಾಮಾಣಿಕತೆ ತೋರಿದರೆಂದು 2024ರ ಸೆಪ್ಟೆಂಬರ್‌ನಲ್ಲಿ ಬಂದ ವಿಚಾರಣಾ ವರದಿ ಹೇಳಿತು. ಅಗ್ನಿ ಪರೀಕ್ಷೆಯ ಪ್ರಕ್ರಿಯೆಯನ್ನೇ ತಿರುಚಲಾಗಿತ್ತು. ಜಪಾನಿನಲ್ಲಿ 2005ರಲ್ಲಿ, ಒಬ್ಬ ವಾಸ್ತುಶಿಲ್ಪಿ ಭೂಕಂಪ ನಿರೋಧದ ಲೆಕ್ಕಗಳನ್ನೇ ಸುಳ್ಳಾಗಿ ಬರೆದದ್ದು ಹೊರಬಿತ್ತು. ಆ ಲೆಕ್ಕಗಳು ತಪಾಸಣಾ ಸಂಸ್ಥೆಗಳ ಕೈ ದಾಟಿ ಬಂದಿದ್ದವು. ವಾಸವಿದ್ದವರು ಮನೆ ಬಿಟ್ಟು ಹೊರಬರಬೇಕಾಯಿತು.

ಬಿದ್ದು ಸಾಯುವುದೊಂದೇ ನಷ್ಟವಲ್ಲ ಎಂಬುದನ್ನೂ ನಿಮ್ಮ ಹಿರಿಯರಿಗೆ ಹೇಳಬೇಕು. ಕಂಬಿಯನ್ನು ಅಚ್ಚಿನಿಂದ ದೂರವಿಡುವ ಕವರ್ ಬ್ಲಾಕ್ ಇಡದೆ ಅದನ್ನು ಶಟರಿಂಗ್‌ಗೆ ತಾಗಿಸಿ ಬಿಟ್ಟರೆ ಅಂದು ಏನೂ ಆಗುವುದಿಲ್ಲ. ಆದರೆ ಕಂಬಿಯನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಗುಣವನ್ನು ಕೆಡಿಸುವ ಗಾಳಿಯ ಇಂಗಾಲದ ಡೈಆಕ್ಸೈಡ್ ಅದರ ಒಳಗೆ ಇಳಿಯುವ ಆಳ ಸ್ಥೂಲವಾಗಿ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅಂದರೆ ಕಂಬಿಯ ಮೇಲೆ 30 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ (ಕವರ್) ಇರಬೇಕಾದಲ್ಲಿ 15 ಇದ್ದರೆ ಕಂಬಿಯ ರಕ್ಷಣೆ ಕಳೆದುಹೋಗಲು ಬೇಕಾದ ಕಾಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. 60 ವರ್ಷದ ಬದಲು 15 ವರ್ಷಕ್ಕೇ ತುಕ್ಕು ಹಿಡಿಯಲು ಶುರುವಾಗುವ ಮನೆಯನ್ನು, ಕೊಂಡವರು ತಮ್ಮ ಸಾಲ ತೀರುವ ಮೊದಲೇ ದುರಸ್ತಿ ಮಾಡಿಸಬೇಕಾಗುತ್ತದೆ. ಗುತ್ತಿಗೆದಾರರು ಆ ಹೊತ್ತಿಗೆ ಅಲ್ಲಿರುವುದಿಲ್ಲ.

ಹಾಗಾದರೆ ಎಲ್ಲ ಕಡೆ ನಡೆಯುವುದೇ ಹೀಗೆಯೇ? ಈ ಮಾತನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕಲಾರೆ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ 19 ಉದ್ಯಮ ಕ್ಷೇತ್ರಗಳನ್ನು ಲಂಚದ ವಿಷಯದಲ್ಲಿ ಹೋಲಿಸಿದಾಗ ಸಾರ್ವಜನಿಕ ಕಾಮಗಾರಿ ಮತ್ತು ನಿರ್ಮಾಣ ಕ್ಷೇತ್ರ ಕೊನೆಯ ಸ್ಥಾನದಲ್ಲಿತ್ತು. ಕಾರಣ ನಮ್ಮ ವೃತ್ತಿಗೆ ಬರುವವರು ಇತರರಿಗಿಂತ ಕೆಟ್ಟವರು ಎಂಬುದಲ್ಲ. ಈ ಕೆಲಸದ ರಚನೆಯೇ ಸುಳ್ಳಿಗೆ ಅನುಕೂಲವಾಗಿದೆ. ಇಲ್ಲಿ ಪ್ರತಿ ಹಂತವೂ ಹಿಂದಿನ ಹಂತವನ್ನು ಮುಚ್ಚಿಹಾಕುತ್ತದೆ. ಅಡಿಪಾಯಕ್ಕೆಂದು ನೆಲದೊಳಗೆ ಇಳಿಸುವ ಪೈಲನ್ನು ಮಣ್ಣು, ಕಂಬಿಯನ್ನು ಕಾಂಕ್ರೀಟ್, ಕಾಂಕ್ರೀಟನ್ನು ಗಿಲಾವು ಮುಚ್ಚುತ್ತದೆ. ಹಾಂಗ್‌ಕಾಂಗ್‌ನ ಶಾ ಟಿನ್‌ನಲ್ಲಿ ಸರ್ಕಾರಿ ವಸತಿ ಯೋಜನೆಯ ಎರಡು ಬಹುಮಹಡಿ ಕಟ್ಟಡಗಳ ಪೈಲ್‌ಗಳು ನಿಗದಿತ ಉದ್ದಕ್ಕಿಂತ ಮೋಟಾಗಿವೆ ಎಂಬುದು 1999ರ ಕೊನೆಯ ಹೊತ್ತಿಗೆ ತಿಳಿದಾಗ ಕಟ್ಟಡಗಳು 30 ಅಂತಸ್ತು ದಾಟಿದ್ದವು, ಎರಡನ್ನೂ ಕೆಡವಬೇಕಾಯಿತು.

ಇದರ ಮೇಲೆ ಗುತ್ತಿಗೆಯ ಸರಪಳಿ. ಅತಿ ಕಡಿಮೆ ದರ ಬರೆದವರಿಗೆ ಟೆಂಡರ್ ಸಿಗುತ್ತದೆ. ಅವರು ಭಾಗ ಮಾಡಿ ಉಪಗುತ್ತಿಗೆ ಕೊಡುತ್ತಾರೆ, ಆ ಉಪಗುತ್ತಿಗೆದಾರರು ಮತ್ತೊಬ್ಬರಿಗೆ ಕೊಡುತ್ತಾರೆ, ಪ್ರತಿ ಕೈ ಬದಲಾದಾಗಲೂ ಒಂದು ಪಾಲು ಕಳೆಯುತ್ತದೆ. ಕೊನೆಯಲ್ಲಿ ಕಂಬಿ ಕಟ್ಟುವವರಿಗೆ ಟನ್ ಲೆಕ್ಕದಲ್ಲಿ ಕೂಲಿ. ಕಾಲಂ ತಲೆಯ ಸಣ್ಣ ರಿಂಗ್‌ಗಳು ತೂಕದಲ್ಲಿ ಅತ್ಯಲ್ಪ, ಕಟ್ಟಲು ಬೇಕಾದ ಸಮಯ ಬಹಳ. ಬಿಟ್ಟುಹೋಗುವುದು ಯಾವಾಗಲೂ ಅವೇ ಏಕೆ ಎಂಬುದು ಇದರಿಂದ ಅರ್ಥವಾಗುತ್ತದೆ. ತಪಾಸಣೆ ಮಾಡುವವರಿಗೆ ಸಂಬಳ ಕೊಡುವವರೇ ತಪಾಸಣೆಗೆ ಒಳಗಾಗುವವರಾದರೆ ಉಳಿದ ತಡೆಯೂ ಕಳಚುತ್ತದೆ. ನಿಮ್ಮ ಹಿರಿಯರ ಮೇಲೂ ಒತ್ತಡ ಇದ್ದೀತು. ಅಳತೆ ಪುಸ್ತಕಕ್ಕೆ ಸಹಿ ಬೀಳದೆ ಬಿಲ್ ಹೋಗುವುದಿಲ್ಲ, ಬಿಲ್ ಹೋಗದೆ ಕೂಲಿ ಬಟವಾಡೆ ಆಗುವುದಿಲ್ಲ. ಇದನ್ನು ಅವರ ಪರವಾಗಿ ಹೇಳುತ್ತಿಲ್ಲ, ನೀವು ಯಾವ ಜಾಗದಲ್ಲಿ ನಿಂತಿದ್ದೀರಿ ಎಂದು ತೋರಿಸಲು ಹೇಳುತ್ತಿದ್ದೇನೆ.

27 ವರ್ಷಗಳಲ್ಲಿ ನಾನು ತನಿಖೆ ಮಾಡಿದ ದೋಷಪೂರಿತ ಕಟ್ಟಡಗಳಲ್ಲಿ ಒಂದು ನೆನಪು ಇಲ್ಲಿಗೆ ಹೊಂದುತ್ತದೆ. ಒಂದು ಪಾರ್ಕಿಂಗಿನಲ್ಲಿ ಇದೇ ರಿಂಗ್‌ಗಳು ಆರು ಕಾಲಂಗಳಲ್ಲಿ ಇರಲಿಲ್ಲ. ಕಂಬಿ ಕದ್ದಿದ್ದಾರೆಂದೇ ಎಲ್ಲರೂ ಭಾವಿಸಿದ್ದರು. ಮೇಸ್ತ್ರಿಯನ್ನು ಕೂರಿಸಿ ಕೇಳಿದಾಗ ಅವರು ತಮ್ಮ ಬಳಿಯಿದ್ದ ನಕ್ಷೆ ತೆಗೆದು ತೋರಿಸಿದರು. ಅದು ಹಳೆಯ ನಕ್ಷೆ, ರಿಂಗ್ ಸೇರಿಸಿದ ತಿದ್ದುಪಡಿ ಅವರ ಕೈಗೆ ತಲುಪಿರಲೇ ಇಲ್ಲ. ಯಾರೂ ಲಂಚ ಕೊಟ್ಟಿರಲಿಲ್ಲ, ಯಾರೂ ಕಂಬಿ ಮಾರಿಕೊಂಡಿರಲಿಲ್ಲ. ಆದರೆ "ತಿದ್ದುಪಡಿಯಾದ ನಕ್ಷೆಯಂತೆ ಪರಿಶೀಲಿಸಲಾಗಿದೆ" ಎಂಬ ಹಾಳೆಗೆ ಮೂವರ ಸಹಿ ಇತ್ತು. ಆ ಮೂವರಲ್ಲಿ ಒಬ್ಬರು ನಿಜವಾಗಿ ನೋಡಿದ್ದರೂ ಅರ್ಧ ದಿನದಲ್ಲಿ ಸರಿಯಾಗುತ್ತಿದ್ದ ತಪ್ಪು ಅದು. ತಪ್ಪು ಎಲ್ಲ ಸೈಟಿನಲ್ಲೂ ಆಗುತ್ತದೆ. ಅದನ್ನು ಹಿಡಿಯಲೆಂದೇ ತಪಾಸಣೆಯ ಹಾಳೆ ಇರುವುದು. ನೋಡದೆ ಹಾಕಿದ ಸಹಿ ಆ ಬಾಗಿಲನ್ನು ಮುಚ್ಚಿ, ಅಮಾಯಕ ತಪ್ಪನ್ನೂ ಉದ್ದೇಶಪೂರ್ವಕ ಕಳವನ್ನೂ ಒಂದೇ ಸಮನಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ನಿಮ್ಮ ಸೈಟಿನಲ್ಲಿ ನಡೆದದ್ದು ಈ ಎರಡರಲ್ಲಿ ಯಾವುದೆಂದು ನಿಮಗೂ ನನಗೂ ಗೊತ್ತಿಲ್ಲ. ಗೊತ್ತಾಗುವವರೆಗೆ ಯಾರನ್ನೂ ಕಳ್ಳ ಎಂದು ಕರೆಯಬೇಡಿ. ಅದು ನಿಮ್ಮ ರಕ್ಷಣೆಗೂ ಒಳ್ಳೆಯದು.

ಈಗ ನಿಮ್ಮ ಮುಂದಿರುವ ದಾರಿಗಳು. ಕೇಳಿದಂತೆ ಸಹಿ ಮಾಡಿಬಿಡುವುದು ಮೊದಲನೆಯದು. ಕೆಲಸ ಉಳಿಯುತ್ತದೆ, ಆದರೆ ಮುಂದೆ ಏನಾದರೂ ಆದಾಗ ತನಿಖೆಯವರ ಕೈಗೆ ಸಿಗುವುದು ಬಾಯಿಮಾತಿನ ಆದೇಶವಲ್ಲ, ಹಾಳೆಯ ಮೇಲಿನ ಹೆಸರು. ಹಿಂದಿನ ದಿನಾಂಕ ಹಾಕಿದ್ದೇ ಪ್ರತ್ಯೇಕ ಅಪರಾಧವಾಗಬಹುದು. ಒತ್ತಡ ಹಾಕಿದವರು ಆಗ ನಿಮ್ಮ ಪಕ್ಕದಲ್ಲಿ ನಿಂತದ್ದನ್ನು ನಾನು ಒಂದು ಪ್ರಕರಣದಲ್ಲೂ ಕಂಡಿಲ್ಲ. ಎರಡನೆಯದು, ಏನೂ ಹೇಳದೆ ರಾಜೀನಾಮೆ ಕೊಟ್ಟು ಹೋಗುವುದು. ಬಹಳ ಜನ ಸಜ್ಜನರು ಮಾಡುವುದು ಇದನ್ನೇ, ಮತ್ತು ನಾನು ಅವರನ್ನು ದೂರಲಾರೆ; ಆದರೆ ನಿಮ್ಮ ಜಾಗಕ್ಕೆ ಬರುವವರಿಗೆ ಆ ಎರಡು ಕಾಲಂಗಳ ವಿಷಯ ತಿಳಿದಿರುವುದಿಲ್ಲ. ಹೋಗುವುದಿದ್ದರೂ ವಿಷಯವನ್ನು ವಿನ್ಯಾಸಕಾರರ ಕಿವಿಗೆ ಹಾಕಿಯೇ ಹೋಗಿ.

ನಾನು ಸಲಹೆ ಕೊಡುವುದು ಮೂರನೆಯದನ್ನು: ಸಹಿಯನ್ನು ನಿರಾಕರಿಸಬೇಡಿ, ನಿಜವನ್ನೇ ಬರೆದು ಸಹಿ ಮಾಡಿ. "ಕಾಂಕ್ರೀಟ್ ಹಾಕುವ ಮುನ್ನ ಈ ಭಾಗದ ಕಂಬಿಯನ್ನು ನಾನು ನೋಡಿಲ್ಲ. ಎರಡು ಕಾಲಂಗಳ ಬಳಿ ರಿಂಗ್‌ಗಳ ಬಗ್ಗೆ ಸಂಶಯವಿದೆ. ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳಬೇಕೆಂದು ಕೋರುತ್ತೇನೆ" ಎಂದು ಇಂದಿನ ದಿನಾಂಕ ಹಾಕಿ ಬರೆಯಿರಿ. ಇದರಲ್ಲಿ ಆರೋಪವಿಲ್ಲ, ಸುಳ್ಳೂ ಇಲ್ಲ. ಇದನ್ನು ನಿಮ್ಮ ಮೇಲಧಿಕಾರಿಗೆ ಇ-ಮೇಲ್ ಮಾಡಿ, ಕಂಪನಿಯ ಪದ್ಧತಿ ಅವಕಾಶ ಕೊಟ್ಟರೆ ವಿನ್ಯಾಸಕಾರರಿಗೂ ಪ್ರತಿ ಕಳುಹಿಸಿ. ಪದ್ಧತಿ ಅಡ್ಡ ಬಂದರೂ ಜೀವಾಪಾಯದ ವಿಷಯದಲ್ಲಿ ವಿನ್ಯಾಸಕಾರರಿಗೆ ನೇರವಾಗಿ ತಿಳಿಸುವುದನ್ನು ನಾನು ತಪ್ಪೆನ್ನುವುದಿಲ್ಲ. ಅವರ ಹೆಸರೂ ಈ ಕಟ್ಟಡಕ್ಕೆ ಅಂಟಿದೆ. ಲಿಖಿತವಾಗಿ ತಿಳಿದ ಮೇಲೆ ಅವರು ಸುಮ್ಮನಿರುವುದು ಕಷ್ಟ. ಅಪಾಯವೆಂದರೆ, ನಿಮ್ಮನ್ನು ಬೇರೆ ಸೈಟಿಗೆ ಹಾಕಬಹುದು, ಬಡ್ತಿ ತಡೆಯಬಹುದು, ಕೆಲಸವೂ ಹೋಗಬಹುದು. ಹಾಗಾಗುವುದಿಲ್ಲ ಎಂದು ಭರವಸೆ ಕೊಡಲಾರೆ. ಆದರೂ ಅನೇಕ ಸಲ ಇಂಥ ಪತ್ರ ಬಂದ ಕೂಡಲೇ ಕಂಪನಿಯ ಮೇಲಿನವರು ಸ್ಕ್ಯಾನ್ ಮಾಡಿಸಲು ಒಪ್ಪುತ್ತಾರೆ, ಏಕೆಂದರೆ ಈಗ ಗೊತ್ತಿಲ್ಲವೆಂದು ಹೇಳುವ ಅವಕಾಶ ಅವರಿಗೂ ಉಳಿದಿರುವುದಿಲ್ಲ.

ಅವರನ್ನು ಒಪ್ಪಿಸಲು ದುರಸ್ತಿಯ ಮಾತನ್ನು ಮುಂದಿಡಿ. ಕವರ್ ಮೀಟರ್ ಮತ್ತು ನೆಲಭೇದಕ ರೇಡಾರ್‌ನಿಂದ ಕಾಲಂ ತಲೆಯ ಕಂಬಿ ಇದೆಯೋ ಇಲ್ಲವೋ ಎಂಬ ಸುಳಿವು ಒಂದು ದಿನದಲ್ಲಿ ಸಿಗುತ್ತದೆ. ಅನುಮಾನ ಉಳಿದರೆ ಸಣ್ಣ ಜಾಗ ಕೆತ್ತಿ ನೋಡಬಹುದು. ಕಾಂಕ್ರೀಟಿಗೆ ರಿಬೌಂಡ್ ಹ್ಯಾಮರ್ ಮತ್ತು ಶಬ್ದಾತೀತ ತರಂಗದ ಪರೀಕ್ಷೆಗಳು ದುರ್ಬಲ ಜಾಗಗಳನ್ನು ತೋರಿಸಿದರೆ, ಅಲ್ಲಿಂದ ಕೋರ್, ಅಂದರೆ ಕೊರೆದು ತೆಗೆದ ಉರುಳೆಯಾಕಾರದ ತುಂಡು, ತೆಗೆದು ಒಡೆದು ನೋಡುವುದೇ ಅಂತಿಮ. ಕೋರ್‌ಗಳ ಸರಾಸರಿ ನಿಗದಿತ ಬಲದ ಶೇ 85ಕ್ಕಿಂತ ಕಡಿಮೆ ಇರಬಾರದು, ಯಾವ ಒಂದೂ ಶೇ 75ಕ್ಕಿಂತ ಇಳಿಯಬಾರದು ಎಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಅಳತೆಗೋಲು. ಕೋರ್ ಎಲ್ಲಿ ತೆಗೆಯಬೇಕೆಂದು ಗುತ್ತಿಗೆದಾರರು ಆರಿಸದಂತೆ ನೋಡಿಕೊಳ್ಳಿ. ರಿಂಗ್ ಇಲ್ಲವೆಂದು ಖಚಿತವಾದರೂ ಸ್ಲ್ಯಾಬನ್ನು ಒಡೆಯಬೇಕೆಂದೇನಿಲ್ಲ. ರಂಧ್ರ ಕೊರೆದು ಬೋಲ್ಟ್ ಕೂರಿಸುವುದು, ಕಾಲಂ ತಲೆಗೆ ಕಾಂಕ್ರೀಟ್ ಅಥವಾ ಉಕ್ಕಿನ ಕೊರಳಪಟ್ಟಿ ಕಟ್ಟುವುದು ಇವೆಲ್ಲ ಬಳಕೆಯಲ್ಲಿರುವ ಉಪಾಯಗಳು. ಮೇಲೆ ಇನ್ನೂ ಎಂಟು ಅಂತಸ್ತು ಏರಿದ ಮೇಲೆ ಇದೇ ಕೆಲಸದ ವೆಚ್ಚ ಹಲವು ಪಟ್ಟಾಗುತ್ತದೆ.

ಒಳಗೆ ಯಾರೂ ಕಿವಿಗೊಡದಿದ್ದರೆ ನಾಲ್ಕನೆಯ ದಾರಿ ಹೊರಗಿನ ಪ್ರಾಧಿಕಾರಕ್ಕೆ ದೂರು. ಇದಕ್ಕೆ ಮುನ್ನ ಒಬ್ಬ ವಕೀಲರನ್ನು ಕಾಣಿ. ಬ್ರಿಟನ್‌ನಲ್ಲಿ 1998ರ ಕಾನೂನು, ಐರೋಪ್ಯ ಒಕ್ಕೂಟದಲ್ಲಿ 2019ರ ನಿರ್ದೇಶನ ಇಂಥ ದೂರುದಾರರಿಗೆ ರಕ್ಷಣೆ ಕೊಡುತ್ತವೆ. ಎಲ್ಲ ಕಡೆ ಅಷ್ಟು ಸಿಗುವುದಿಲ್ಲ, ಇರುವಲ್ಲೂ ಯಾರಿಗೆ, ಯಾವ ಕ್ರಮದಲ್ಲಿ ತಿಳಿಸಬೇಕೆಂಬ ನಿಯಮ ತಪ್ಪಿದರೆ ರಕ್ಷಣೆ ಕೈತಪ್ಪುತ್ತದೆ. ನಿಮ್ಮ ದಿನಚರಿ, ನೀವೇ ತೆಗೆದ ಚಿತ್ರಗಳು, ನೀವೇ ಬರೆದ ಪತ್ರಗಳ ಪ್ರತಿ ಇಟ್ಟುಕೊಳ್ಳಿ. ಕಂಪನಿಯ ಕಡತಗಳನ್ನು ಹೊರಗೆ ಸಾಗಿಸುವುದು, ಗುಟ್ಟಾಗಿ ಮಾತು ಧ್ವನಿಮುದ್ರಿಸುವುದು ವಕೀಲರನ್ನು ಕೇಳದೆ ಬೇಡ. ಚಿತ್ರ ತೋರಿಸಿದ ಕಾರ್ಮಿಕರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲೂ ಬರೆಯಬೇಡಿ; ದಿನಗೂಲಿಯವರನ್ನು ತೆಗೆದುಹಾಕಲು ನೋಟಿಸೂ ಬೇಕಾಗುವುದಿಲ್ಲ.

ಈ ದಾರಿಯ ಬೆಲೆಯನ್ನು ಮುಚ್ಚಿಡಲಾರೆ. ನೆದರ್ಲೆಂಡ್ಸ್‌ನ ಆಡ್ ಬೊಸ್ ಎಂಬವರು ತಾವು ಕೆಲಸ ಮಾಡಿದ್ದ ನಿರ್ಮಾಣ ಕಂಪನಿಯ ಗುಪ್ತ ಲೆಕ್ಕಪುಸ್ತಕಗಳನ್ನು 2001ರಲ್ಲಿ ಬಹಿರಂಗಪಡಿಸಿದರು. ಟೆಂಡರ್‌ಗೆ ಮುನ್ನ ಕಂಪನಿಗಳು ತಮ್ಮೊಳಗೇ ದರ ಹೊಂದಿಸಿಕೊಂಡು ಕಾಮಗಾರಿ ಹಂಚಿಕೊಳ್ಳುತ್ತಿದ್ದುದು ಅದರಿಂದ ಬಯಲಾಗಿ, 2002ರಲ್ಲಿ ಸಂಸದೀಯ ವಿಚಾರಣೆಯೇ ನಡೆಯಿತು. ದೇಶಕ್ಕೆ ಅಷ್ಟು ಉಪಕಾರ ಮಾಡಿದ ಅವರ ಮೇಲೂ ಮೊಕದ್ದಮೆ ಹೂಡಿದರು. ಅವರು ವರ್ಷಗಟ್ಟಲೆ ಒಂದು ಗಾಡಿಮನೆಯಲ್ಲಿ ಬದುಕಬೇಕಾಯಿತು. ಮೂರನೆಯ ದಾರಿಯನ್ನು ಸಂಪೂರ್ಣವಾಗಿ ನಡೆದು ನೋಡದೆ ನಾಲ್ಕನೆಯದಕ್ಕೆ ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೆ. ಆದರೆ ಪ್ರಾಪ್ ತೆಗೆದು, ಬಿರುಕು ಕಂಡು, ಕೆಳಗೆ ಜನರಿದ್ದರೆ ಕ್ರಮದ ಲೆಕ್ಕ ಹಾಕುತ್ತ ಕೂರಬೇಡಿ. ಅಂದು ಯಾರು ಬೇಗ ಬರಬಲ್ಲರೋ ಅವರನ್ನು ಕರೆಯಿರಿ.

ಉಳಿದದ್ದು ಆ ಎರಡು ಹಳೆಯ ಸಹಿಗಳು. ಅದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ಮೂರು ಆತಂಕಗಳನ್ನೂ ಹೊತ್ತು ತಿರುಗುತ್ತಿರುವವರು ನೀವು ಎಂಬುದು ನನಗೆ ಅರ್ಥವಾಗುತ್ತದೆ. ಹಳೆಯ ಹಾಳೆಯನ್ನು ತಿದ್ದಬೇಡಿ, ಹರಿಯಬೇಡಿ, ಅಕ್ಷರದ ಮೇಲೆ ಅಕ್ಷರ ಬರೆಯಬೇಡಿ. ಅದು ಇನ್ನೊಂದು ಸುಳ್ಳಾಗುತ್ತದೆ. ವಕೀಲರಿಗೆ ಮೊದಲು ತೋರಿಸಿ, ಅವರ ಸಲಹೆಯಂತೆ ಇಂದಿನ ದಿನಾಂಕದ ಹೊಸ ಟಿಪ್ಪಣಿ ಬರೆಯಿರಿ: ಇಂಥ ದಿನ, ಇಂಥ ಭಾಗದ ಹಾಳೆಗೆ ಸಹಿ ಮಾಡಿದಾಗ ಕೆಲಸವನ್ನು ನಾನು ಸ್ವತಃ ನೋಡಿರಲಿಲ್ಲ, ಆ ಭಾಗಗಳನ್ನೂ ಸ್ಕ್ಯಾನ್‌ನ ಪಟ್ಟಿಗೆ ಸೇರಿಸಬೇಕು. ಅವು ಯಾವ ಭಾಗಗಳೆಂದು ಪತ್ರದಲ್ಲಿ ತಿಳಿಸಿಲ್ಲ. ಕಾಲಂ, ಕ್ಯಾಂಟಿಲಿವರ್ ಬಾಲ್ಕನಿ ಅಥವಾ ಇದೇ ಫ್ಲ್ಯಾಟ್ ಸ್ಲ್ಯಾಬಿನ ಇನ್ನೊಂದು ಅಂಕಣವಾಗಿದ್ದರೆ ಪಟ್ಟಿಯಲ್ಲಿ ಅವುಗಳನ್ನೇ ಮೇಲೆ ಬರೆಯಿರಿ.